ಸೊನ್ನೆ ನೋಡುವುದು

ಮೊದಲು ಸೊನ್ನೆ ನೋಡಬೇಕು.
ಲಾರಿ ಇಳಿದ ಮೇಲೆ ತಟ್ಟೆಯ ಮಣ್ಣು ಗುಡಿಸಿ,
ಗಾಳಿ ನಿಲ್ಲಲೆಂದು ಒಂದು ನಿಮಿಷ ಕಾದು.
ಸೊನ್ನೆಯೇ ಸುಳ್ಳಾಡಿದರೆ ಆಮೇಲೆ ಬರುವ ಟನ್ನುಗಳೆಲ್ಲ ಸುಳ್ಳು.
ಅಪ್ಪ ಕಲಿಸಿದ್ದು ಇಷ್ಟೇ,
ಜೊತೆಗೆ, ಇಪ್ಪತ್ತು ಕೆಜಿಯ ಕಬ್ಬಿಣದ ಕಲ್ಲನ್ನು
ಸೊಂಟ ಉಳುಕದಂತೆ ಎತ್ತುವುದು.

ವಸಂತನರಸಾಪುರದ ಹನ್ನೊಂದು ವೇಬ್ರಿಜ್ಜುಗಳಿಗೆ
ಕಂಪನಿ ನನ್ನನ್ನು ಕಳಿಸುತ್ತದೆ.
ಗೇಟಿನಲ್ಲಿ ತೋರಿಸುವ ಕಾರ್ಡಿನಲ್ಲಿ ನಾನು ಟೆಕ್ನಿಷಿಯನ್,
ಕೈ ಬೆರಳು ಜಜ್ಜಿಕೊಂಡ ದಿನ ಕಾಂಟ್ರ್ಯಾಕ್ಟರ್.
ಮನೆ ಇರುವುದು ಬಟವಾಡಿಯಲ್ಲಿ,
ಬಟವಾಡೆಗೆ ಮಾತ್ರ ಮೂರು ತಿಂಗಳು ಅಲೆಯಬೇಕು.

ಜುಲೈ ಇಪ್ಪತ್ತೆಂಟು. ಮಂಡಿಪೇಟೆಯ ಮಹಡಿಯಲ್ಲಿ
ಗೌಸ್ ಪೀರ್ ಸಾಹೇಬರು ಕನ್ನಡಕ ಹಣೆಗೇರಿಸಿದರು:
‘ಏನಮ್ಮ ಗಂಗರತ್ನ, ಈ ವರ್ಷ ಜೋರು!’
ಕಂಪ್ಯೂಟರು ನನ್ನ ಕಡೆ ತಿರುಗಿತು.
ನನ್ನ ಹೆಸರು, ನನ್ನ ಪ್ಯಾನು,
ಎದುರಿಗೆ ಎಂಟು ಲಕ್ಷದ ತೊಂಬತ್ತನಾಲ್ಕು ಸಾವಿರ.

ನನ್ನ ಪಾಸ್‌ಬುಕ್ಕಿಗೆ ಬಂದದ್ದು ಮೂರು ಲಕ್ಷದ ನಲವತ್ತೆರಡು.
ನಾನು ಎರಡು ಸಲ ಕೂಡಿದೆ, ಸಾಹೇಬರು ಒಂದು ಸಲ.
ಕುಂಟೆಬಿಲ್ಲೆ ಆಡುವಾಗ ಚಿಕ್ಕವರನ್ನು ಸೇರಿಸಿಕೊಂಡು
‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತಿದ್ದೆವು.
ಈ ಐದೂವರೆ ಲಕ್ಷ ಲೆಕ್ಕಕ್ಕುಂಟು,
ಆಟವನ್ನು ಯಾರೋ ಆಡಿ ಮುಗಿಸಿದ್ದಾರೆ.

ಫೋನು ಮಾಡಿದೆ. ಅಕೌಂಟ್ಸ್ ಪಂಚಾಕ್ಷರಿ
ಬಾಯಲ್ಲಿ ಏನೋ ಅಗಿಯುತ್ತಿದ್ದ.
‘ಅಯ್ಯೋ ಅಕ್ಕ, ಅದೇನೂ ಇಲ್ಲ. ಅಡ್ಜಸ್ಟ್‌ಮೆಂಟು.
ನೂರಕ್ಕೆ ಎಂಟು ಲಾಭ ಅಂತ ತೋರಿಸಿ, ತೆರಿಗೆ ಸೊನ್ನೆ.
ಹಿಡಿದುಕೊಂಡ ಎಂಟು ಸಾವಿರದ ಒಂಬೈನೂರ ನಲವತ್ತು
ನಿಮಗೇ ವಾಪಸ್ಸು ಬರುತ್ತೆ.
ನಿಮ್ಮ ಗಂಟೇನು ಹೋಯ್ತು?’

ನನ್ನ ಗಂಟು ಹೋಗಿರಲಿಲ್ಲ, ನಿಜ.
ಮಗಳ ಶಾಲೆಯ ಎರಡನೇ ಕಂತು ಎಂಟು ಸಾವಿರ,
ಉಳಿದದ್ದಕ್ಕೆ ಗಾಡಿಗೆ ಹೊಸ ಟೈರು.
ಮೆಟ್ಟಿಲ ಮೇಲೆ ಕೂತೇ ಇದ್ದೆ.
ಕೆಳಗೆ ಬೆಲ್ಲದ ಅಂಗಡಿಯವನು ಪಿಂಡಿ ತೂಗುತ್ತ
ತಕ್ಕಡಿ ನಿಲ್ಲುವ ಮೊದಲೇ ಅಂಕಿ ಕೂಗುತ್ತಿದ್ದ.
ಬೇರೆ ದಿನವಾಗಿದ್ದರೆ ಜಗಳಕ್ಕೆ ಇಳಿಯುತ್ತಿದ್ದೆ.

ಸಾಹೇಬರು ಚಹಾ ತರಿಸಿದರು. ಬುದ್ಧಿ ಹೇಳಲಿಲ್ಲ.
‘ಸುಮ್ಮನಿದ್ದರೆ ಸುಮ್ಮನೆ ಹೋಗಬಹುದು,
ಹೋಗದೆಯೂ ಇರಬಹುದು.
ನಾಳೆ ಅವರ ಪುಸ್ತಕ ಯಾರಾದರೂ ಬಿಚ್ಚಿದರೆ
ಒಳಗೆ ನಿನ್ನ ಸಹಿ ಇರುತ್ತೆ.’
ಆಮೇಲೆ ಒಂದು ಕಿಂಡಿ ತೆರೆದು ತೋರಿಸಿದರು. ಅಲ್ಲಿ ಸಾಲಾಗಿ
ಮಾಹಿತಿ ಸರಿಯಿದೆ,
ಮಾಹಿತಿ ಪೂರ್ತಿ ಸರಿಯಿಲ್ಲ,
ಇನ್ನೂ ಏನೇನೋ.

‘ಪೂರ್ತಿ ಸರಿಯಿಲ್ಲ’.
ಸರ್ಕಾರಕ್ಕೆ ಇಷ್ಟು ಮೆತ್ತಗಿನ ಮಾತು ಗೊತ್ತಿತ್ತೇ?
ಒತ್ತಿದೆ. ಸರಿಯಾದ ಮೊತ್ತ ಎಷ್ಟು ಎಂದು ಕೇಳಿತು.
ಮೂರು, ನಾಲ್ಕು, ಎರಡು,
ಆಮೇಲೆ ಸೊನ್ನೆ ಸೊನ್ನೆ ಸೊನ್ನೆ,
ಒಂದೊಂದನ್ನೂ ನೋಡಿ.

ರಾತ್ರಿ ಪಂಚಾಕ್ಷರಿಯ ಮೆಸೇಜು:
‘ಯಾಕಕ್ಕ ಹೀಗೆ ಮಾಡಿದ್ರಿ’ ಎಂದೇನೂ ಇಲ್ಲ.
ಬರೀ ಒಂದು ಸಾಲು,
ನಾಳೆ ಏಳು ಗಂಟೆಗೆ ಅಕ್ಕಿ ಗಿರಣಿಯ ವೇಬ್ರಿಜ್ಜು.
ಅವನಿಗೆ ಇನ್ನೂ ತಿಳಿದಿಲ್ಲ. ತಿಳಿದ ಮೇಲೆ
ಹನ್ನೊಂದು ಹತ್ತಾಗಬಹುದು, ಎರಡಾಗಬಹುದು.
ನಿದ್ದೆ ಬರಲಿಲ್ಲ, ಅದನ್ನು ಯಾಕೆ ಮುಚ್ಚಿಡಲಿ.

ಬೆಳಿಗ್ಗೆ ಗಿರಣಿಯಲ್ಲಿ ಲಾರಿ ಇನ್ನೂ ಬಂದಿರಲಿಲ್ಲ.
ಗುಡಿಸಿದೆ, ಕಾದೆ, ಸೊನ್ನೆ ಬಂತು.
ಯಾರೂ ಇಲ್ಲವೆಂದು ನಾನೇ ನಡುವೆ ಹೋಗಿ ನಿಂತೆ,
ಚಪ್ಪಲಿ ಬಿಟ್ಟು.
ಕೆಂಪು ಅಂಕಿ ಅರವತ್ತು ಅಂದಿತು.

ನಾನು ಐವತ್ತೆರಡು.
ಇಪ್ಪತ್ತಕ್ಕಿಂತ ಸಣ್ಣ ಹೆಜ್ಜೆ ಈ ಯಂತ್ರಕ್ಕೆ ಬಾರದು,
ಹಾಗೆಂದು ಹಣೆಯ ತಗಡಿನಲ್ಲಿ ತಾನೇ ಬರೆದುಕೊಂಡಿದೆ.
ಎಂಟು ಕೆಜಿ ಹೆಚ್ಚು. ಇರಲಿ ಬಿಡು ಅಂದೆ,
ಕಲ್ಲು ಎತ್ತಲು ಬಾಗಿದೆ.